ಪದ್ಮನಾಭಯ್ಯನವರಿಗೆ ನೈವೇದ್ಯ

ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನ ಪ್ರೊಫೆಸರ್ ಪದ್ಮನಾಭಯ್ಯನವರ ಬಾಯಲ್ಲಿ ಯಾವಾಗಲೂ ಒಂದೇ ಮಂತ್ರ: ಅತಿಥಿ ದೇವೋಭವ. ಪ್ರಾಕ್ಟಿಕಲ್ ಪರೀಕ್ಷೆಗೆ ಅತಿಥಿಯೂ ಅವರೇ. ಮಕ್ಕಳು ಖಾಲಿ ಹೊಟ್ಟೆಯಲ್ಲಿ ಬೇಯಿಸಿದ್ದನ್ನೆಲ್ಲ ಬಾಚಿ ಉಂಡು, ತೇಗಿ, "ಉಪ್ಪು ಕಮ್ಮಿ" ಅಂತ ಮಾರ್ಕ್ಸ್ ಕತ್ತರಿಸೋರು.

ಈ ಸಲ ಒಳಾಂಗಣ ವಿನ್ಯಾಸದ ಪರೀಕ್ಷೆಯೂ ಜೊತೆಗೇ ಸೇರಿತ್ತು. "ನನ್ನನ್ನ ಸಾಕ್ಷಾತ್ ದೇವರ ಹಾಗೆ ನೋಡ್ಕೋಬೇಕು. ಕೂರೋ ಜಾಗಾನೂ ಹಾಗೇ ಇರಬೇಕು. ಎಳ್ಳಷ್ಟು ಲೋಪ ಆದ್ರೂ ಫೇಲು!" ಎಂದು ಗುಡುಗಿದರು.

"ಆಗಲಿ ಸಾರ್," ಎಂದಳು ನೀಲಾಂಬಿಕೆ. ಹೋದ ವರ್ಷ ಆ ಉಪ್ಪಿನಲ್ಲೇ ಫೇಲಾದವಳು ಅವಳು.

ಪರೀಕ್ಷೆಯ ದಿನ ಥರ್ಮಾಕೋಲಿನ ಗರ್ಭಗುಡಿ ಸಿದ್ಧವಾಗಿತ್ತು. ಒಳಗೊಂದು ಪೀಠ, ಮುಂದೆ ರೇಷ್ಮೆ ಪರದೆ. ಪ್ರೊಫೆಸರು ಹಿಗ್ಗಿ ಕೂತರು. ಹರಿವಾಣದ ತುಂಬ ಒಬ್ಬಟ್ಟು, ಚಿತ್ರಾನ್ನ, ಪಾಯಸ ಬಂತು. ಅವರು ಕೈ ಹಾಕುವಷ್ಟರಲ್ಲಿ ನೀಲಾಂಬಿಕೆ ಸುತ್ತ ನೀರು ಚಿಮುಕಿಸಿ, ಗಂಟೆ ಬಾರಿಸಿ, ಹರಿವಾಣ ಎತ್ತಿಕೊಂಡು ಹೊರಬಂದು ಪರದೆ ಎಳೆದುಬಿಟ್ಟಳು.

"ಏಯ್, ನನ್ನ ಊಟ!"

"ನೈವೇದ್ಯ ಆಯ್ತು ಸಾರ್. ಪ್ರಸಾದ ಹಂಚ್ತಿದೀವಿ."

"ನನಗೆ ಹಸಿವೆ ಕಣಮ್ಮ!"

"ದೇವರು ತಿನ್ನಲ್ಲ ಅನ್ನೋ ಧೈರ್ಯದ ಮೇಲೇ ಅಲ್ವಾ ಸಾರ್, ಜನ ಇಷ್ಟು ಧಾರಾಳವಾಗಿ ನೈವೇದ್ಯ ಇಡೋದು?"

ಹೊರಗೆ ಮಕ್ಕಳು ಚಪ್ಪರಿಸಿ ತಿನ್ನುವ ಸದ್ದು. ತಡೆಯಲಾರದೆ ದೇವರು ಪರದೆ ಸರಿಸಿ, ಪೀಠ ಇಳಿದು, ಸಾಲಿನ ಕೊನೆಯಲ್ಲಿ ನಿಂತು ಕೈಯೊಡ್ಡಿದರು. ಅಂಗೈಗೆ ಒಂದು ಚಮಚ ಪಾಯಸ ಬಿತ್ತು.

ನೆಕ್ಕಿ ಮುಖ ಕಿವುಚಿದರು. "ಸಕ್ಕರೆ ಕಮ್ಮಿ..."

ನೀಲಾಂಬಿಕೆ ಗಲ್ಲ ಗಲ್ಲ ಬಡಿದುಕೊಂಡಳು. "ಬಿಡ್ತು ಅನ್ನಿ ಸಾರ್! ಪ್ರಸಾದದಲ್ಲಿ ತಪ್ಪು ಹುಡುಕಿದ್ರೆ ದೇವರು ಮುನಿಸ್ಕೋತಾನೆ."