ಗಾಲಿಯಡಿಯ ನಿಂಬೆಹಣ್ಣು

“ಅಜ್ಜಾರ, ಈಗಿನ ಜೋರಾಗಿ ಓಡೋ ಕಾರೊಂದು ಕೊಂಡು, ಓಡಿಸದಂಗ ಮುಚ್ಚಿಟ್ಟರ, ಮುಂದ ಅದಕ್ಕ ಬಂಗಾರದ ಬೆಲಿ ಬರ್ತದೋ ಇಲ್ಲೋ?”

ಹೀಗೆ ಕೇಳಿದವನು ಅಡಿವೆಪ್ಪ. ಮಠದ ಹಳೆಯ ಶಿಷ್ಯ, ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು, ಐವತ್ತು ದಾಟಿದವನು. ಮಠದ ಮೆಟ್ಟಿಲು ಹತ್ತಿ ಬಂದು, ಗೋಡೆಗೆ ಕೈಯೂರಿ ಒಂದು ಗಳಿಗೆ ನಿಂತು, ಉಸಿರು ಹದಕ್ಕೆ ಬಂದ ಮೇಲೆ ನಮಸ್ಕಾರ ಮಾಡಿ ಕುಳಿತಿದ್ದ. ಮರುದಿನ ಬೆಳಿಗ್ಗೆ ಅವನು ಮುಂಗಡ ಕೊಡುವುದಿತ್ತು. ಕೆಂಪು ಬಣ್ಣದ, ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿ ಹೊಂಚು ಹಾಕಿದ ಚಿರತೆಯಂಥ ಕಾರು. ಮನೆಯಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಮಠದ ಸ್ವಾಮಿಗಳಾದ ಅಜ್ಜನವರಿಂದ ಒಂದು ‘ಹೂಂ’ ಅನ್ನಿಸಿಕೊಂಡು ಹೋದರೆ ಎಲ್ಲರ ಬಾಯಿ ತಾನಾಗಿ ಮುಚ್ಚೀತು ಎಂಬುದು ಅವನ ಎಣಿಕೆ. ಮಠಕ್ಕೆ ಬರುವವರಲ್ಲಿ ಅರ್ಧ ಜನ ಇಂಥ ‘ಹೂಂ’ಗಾಗಿಯೇ ಬರುವವರು, ಅದು ಅಜ್ಜನವರಿಗೂ ಗೊತ್ತು.

“ನಿನಗ ಅದನ್ನ ಓಡಿಸೋ ಆಸೆ ಐತೇನು?” ಎಂದು ಅಜ್ಜನವರು ಕೇಳಿದರು.

“ಇಲ್ಲದ ಏನ್ರಿ? ಕನಸಿನ್ಯಾಗೂ ಓಡಸ್ತೀನಿ. ಆದ್ರ ಓಡಿಸಿದರ ಬೆಲಿ ಇಳೀತದಲ್ರಿ. ಆಸೆ ಕಟ್ಟಿ ಹಾಕಿ ಇಡಬೇಕು.”

“ಹಂಗಾರ ಒಂದು ಕತಿ ಕೇಳು. ಯಾವಾಗ ನಡೀತು ಅಂತ ಮಾತ್ರ ಕೇಳಬ್ಯಾಡ.”

ಒಂದು ಊರಿನಲ್ಲಿ ಒಬ್ಬ ಹತ್ತಿ ವ್ಯಾಪಾರಿಯಿದ್ದ. ಅವನ ತಂದೆಯದೊಂದು ಕಾರು ಗೋದಾಮಿನ ಹಿಂದೆ ಬಿದ್ದಿತ್ತು. ಬಿದ್ದಿತ್ತು ಎಂದರೆ ಬಿದ್ದೇ ಇತ್ತು, ಕೋಳಿಗಳು ಅದರೊಳಗೆ ಸಂಸಾರ ಹೂಡಿದ್ದವು. ತಂದೆ ಬದುಕಿದ್ದಷ್ಟು ದಿನ ಅದನ್ನು ಎತ್ತಿನಂತೆ ದುಡಿಸಿದ್ದ. ಹತ್ತಿ ಹೇರಿದ್ದ, ಮದುಮಕ್ಕಳನ್ನು ಹೇರಿದ್ದ, ನೋವು ತಿನ್ನುವ ಬಸುರಿಯರನ್ನು ಆಸ್ಪತ್ರೆ ಮುಟ್ಟಿಸಿದ್ದ. ಒಮ್ಮೆ ಸಂತೆಯಲ್ಲಿ ಹಾಲಿನ ಆಡೊಂದನ್ನು ಕೊಂಡು ಹಿಂದಿನ ಸೀಟಿನಲ್ಲಿ ಕೂರಿಸಿ ತಂದಾಗ, ಅದು ದಾರಿಯುದ್ದಕ್ಕೂ ಸೀಟಿನ ತೊಗಲು ಮೆಲ್ಲುತ್ತ ಬಂದಿತ್ತು. ಆ ಹಲ್ಲಿನ ಗುರುತು ಕೊನೆಯವರೆಗೂ ಉಳಿದಿತ್ತು.

ಒಂದು ದಿನ ದೂರದ ಊರಿನ ಮನುಷ್ಯನೊಬ್ಬ ಬಂದು ಆ ಕಾರು ನೋಡಿದ. ಸುತ್ತು ಹಾಕಿದ, ಕೂತು ನೋಡಿದ, ಕೋಳಿಗಳಿಗೆ ಕೈಮುಗಿದು ಇಳಿಸಿದ. ಅವನು ಕೊಟ್ಟ ದುಡ್ಡಿನಲ್ಲಿ ವ್ಯಾಪಾರಿ ಮನೆಗೆ ಮಹಡಿ ಎಬ್ಬಿಸಿದ.

“ಈ ಡಬ್ಬಿಗೆ ಇಷ್ಟು ರೊಕ್ಕ ಯಾಕ್ರಿ?” ಎಂದು ದುಡ್ಡು ಎಣಿಸಿಕೊಳ್ಳುವಾಗ ವ್ಯಾಪಾರಿ ತಡೆಯಲಾರದೆ ಕೇಳಿದ್ದ.

“ಹಳೇದೈತಿ. ಇಂಥಾವು ಸಾವಿರಗಟ್ಟಲೆ ಇದ್ದವು. ಎಲ್ಲಾರೂ ಓಡಿಸಿ ಓಡಿಸಿ ಮುಗಿಸಿಬಿಟ್ಟರು. ಇನ್ನ ಎರಡೋ ಮೂರೋ ಉಳದಾವ.”

ವ್ಯಾಪಾರಿಯ ಕಿವಿ ‘ಹಳೇದೈತಿ’ ಎಂಬುದನ್ನು ಹಿಡಿದಿಟ್ಟುಕೊಂಡಿತು. ಉಳಿದ ಮಾತು ಬಂದ ದಾರಿಯಲ್ಲೇ ಹೊರಟುಹೋಯಿತು. ಕೋಳಿ ಹಿಕ್ಕೆ ಹಾಕಿದ ಕಾರಿಗೇ ಇಷ್ಟಾದರೆ, ಗೀರು ಕೂಡ ಬೀಳದ ಕಾರಿಗೆ ಎಷ್ಟಾದೀತು ಎಂದು ಅವನು ಲೆಕ್ಕ ಹಾಕಿದ. ಆ ಕಾಲದ ಅತಿ ಜೋರಿನ, ಅತಿ ಹೊಸ ಕಾರು ಕೊಂಡ. ಅದೂ ಕೆಂಪು, ಎರಡೇ ಬಾಗಿಲಿನದು, ನೆಲಕ್ಕೆ ಕೂತ ಚಿರತೆಯಂಥದು. ಅದರಲ್ಲಿ ಗುಂಡಿ, ಹಿಡಿಕೆ ಒಂದೂ ಇಲ್ಲ. ಸ್ಟೇರಿಂಗಿನ ಪಕ್ಕ, ಕಾರಿನ ಎದೆಯ ಮೇಲೊಂದು ಗಾಜಿನ ಪರದೆ, ಆ ಗಾಜು ಬೆಳಗಿದರೆ ಕಾರು, ಇಲ್ಲದಿದ್ದರೆ ಇಲ್ಲ.

ಅಂಗಡಿಯಿಂದ ಮನೆಗೆ ಅದನ್ನು ಓಡಿಸಿ ತರಲಿಲ್ಲ. ಲಾರಿಯ ಮೇಲೆ ಹೇರಿಸಿ ತಂದ. ಕೊಟ್ಟಿಗೆಯಲ್ಲಿ ಪೂಜೆಯಾಯಿತು. ಪೂಜೆಗೆ ಬಂದ ಅಯ್ಯನವರು ಹೂವು ಏರಿಸಿ, ಕುಂಕುಮ ಹಚ್ಚಿ, ನಾಲ್ಕು ಗಾಲಿಗೂ ಒಂದೊಂದು ನಿಂಬೆಹಣ್ಣು ಒತ್ತಿಟ್ಟು, “ಇನ್ನ ಮುಂದಕ್ಕ ಬಿಡ್ರಿ” ಎಂದರು.

“ಬಿಡೂದಿಲ್ರಿ. ಮೀಟರು ತಿರುಗ್ತದ.”

“ಸಾವಕಾರ್ರ, ಹಣ್ಣು ಒಡೀದ ಪೂಜಾ ಮುಗಿಯೂದಿಲ್ಲ.”

“ಮುಗೀದಿದ್ದರ ಇರ್ಲಿ. ಮಾರೋ ದಿನ ಒಡಸೂನು. ಅಲ್ಲೀತನಾ ಪೂಜಾ ನಡದs ಇರ್ಲಿ ತಗೋರಿ.”

ಅಯ್ಯನವರು ದಕ್ಷಿಣೆ ಎತ್ತಿಕೊಂಡು, ಇಂಥ ಪೂಜೆಗೆ ಮಂಗಳಾರತಿ ಯಾವಾಗ ಮಾಡಬೇಕೆಂದು ತಿಳಿಯದೆ ಹೊರಟುಹೋದರು. ಬಾಗಿಲಲ್ಲಿ ನಿಂತಿದ್ದ ವ್ಯಾಪಾರಿಯ ಹೆಂಡತಿ ನೆರೆಯವಳಿಗೆ ಹೇಳಿದಳು: “ಕುದುರಿ ತಂದು ಗೂಟಕ್ಕ ಕಟ್ಟಿ ಆರತಿ ಎತ್ತೋರನ್ನ ಇವತ್ತ ನೋಡಿದೆ ನೋಡವಾ!”

ಅಂದಿನಿಂದ ವ್ಯಾಪಾರಿ ದಿನಾ ಬೆಳಿಗ್ಗೆ ಚಪ್ಪಲಿ ಹೊರಗೆ ಬಿಟ್ಟು ಕೊಟ್ಟಿಗೆಗೆ ಹೋಗುವನು. ಮೆತ್ತನೆಯ ಬಟ್ಟೆಯಲ್ಲಿ ಕಾರನ್ನು ಒರೆಸುವನು. ಒಳಗೆ ಕೂರುವುದಿಲ್ಲ, ಸೀಟಿಗೆ ಹೊದಿಸಿದ ಪ್ಲಾಸ್ಟಿಕ್ ಸುಕ್ಕಾದೀತು. ಆಮೇಲೆ ಕಿಕ್ಕಿರಿದ ಬಸ್ಸು ಹಿಡಿದು, ನಿಂತುಕೊಂಡೇ ಹಳ್ಳಿಗಳಿಗೆ ಹತ್ತಿ ನೋಡಲು ಹೋಗುವನು.

“ನನ್ನ ಮಾರಿ ಹಿಂಗ ದಿನಾ ಒರೆಸಿದ್ದರ ನಾನೂ ಹೊಸದಾಗೇ ಇರ್ತಿದ್ದೆ” ಎಂದು ಹೆಂಡತಿ ಚುಚ್ಚುವಳು. ನಗುನಗುತ್ತಲೇ ಚುಚ್ಚುವಳು. ಒಮ್ಮೆ ಮಾತ್ರ ನಗದೆ ಕೇಳಿದಳು: “ಹೊಸಾ ರಸ್ತೆ ಆಗೇತಂತ, ನೂಲು ಹಿಡಿದಂಗ ನೆಟ್ಟಗ ಐತಂತ. ಒಂದs ಸಲ, ಟೋಲಿನ ಗೇಟಿನತನ ಹೋಗಿ ಬರೂನು?”

ವ್ಯಾಪಾರಿಯ ಕೈ ತುರಿಸಿತು. ಇದು ಬರೀ ಅವಳ ಆಸೆಯಲ್ಲ. ಹುಡುಗನಾಗಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಸ್ಟೇರಿಂಗು ತಿರುವಿದವನು ಅವನು. ಕೊಟ್ಟಿಗೆಗೆ ಹೋದ. ಬಾಗಿಲು ತೆರೆದ. ಬಲಗಾಲು ಒಳಗಿಟ್ಟ. ಕಾಲು ಬೆಣ್ಣೆಯೊಳಗೆ ಚಾಕು ಹೋದಂತೆ ಹೋಯಿತು. ಗಾಜು ಬೆಳಗಿತು. ಇನ್ನೇನು ಕೂರಬೇಕು, ಅಷ್ಟರಲ್ಲಿ ಇಳಿದ ಬೆಲೆ ಮತ್ತೆ ಏರುವುದಿಲ್ಲ ಎಂಬ ಯೋಚನೆ ಬಂತು. ಒಳಗಿಟ್ಟ ಕಾಲನ್ನು ಹೊರಗೆ ತೆಗೆದ. ಹೊರಗೆ ಹೆಂಡತಿ ಸೀರೆ ಬದಲಿಸಿ ನಿಂತಿದ್ದಳು.

“ಬೆಲಿ ಬರ್ಲಿ. ಆಮ್ಯಾಲೆ ಎಲ್ಲಿ ಅಂತೀ ಅಲ್ಲಿ ಹೋಗೂನು” ಎಂದ. ಅವಳು ಒಳಗೆ ಹೋಗಿ ಮನೆಯ ಸೀರೆ ಉಟ್ಟುಕೊಂಡಳು.

ವರ್ಷಗಳು ಹೋದವು. ಹೆಂಡತಿ ಹೋದಳು. ಪಕ್ಕದ ಸೀಟಿನ ಪ್ಲಾಸ್ಟಿಕ್ ಸುಕ್ಕಾಗಲಿಲ್ಲ.

ಕೊನೆಗೊಮ್ಮೆ, ಮುಚ್ಚಿಟ್ಟ ಕಾರುಗಳನ್ನು ಕೊಳ್ಳುವ ಮಾರುವ ಪೇಟೆಯೊಂದು ದೊಡ್ಡ ಊರಿನ ಬಯಲಿನಲ್ಲಿ ಸೇರುತ್ತದೆ ಎಂಬ ಸುದ್ದಿ ಬಂತು. ಹತ್ತಿ ವ್ಯಾಪಾರಿಗಳು ಮೊದಲೇ ಹತ್ತಿ ತುಂಬಿದ ಅಂಡಿಗೆಗಳನ್ನು ಹೇರಿಕೊಂಡು ಒಯ್ಯುವವರಲ್ಲ. ಒಂದು ಹಿಡಿ ಹತ್ತಿ ಮಾದರಿ ಒಯ್ದು, ದರ ಕೇಳಿ, ಆಮೇಲೆ ಗಾಡಿ ಹೂಡುವವರು. ಇವನೂ ಹಾಗೆಯೇ ಕಾರು ಮನೆಯಲ್ಲಿ ಬಿಟ್ಟು, ಅದರದೊಂದು ಫೋಟೋ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕೋಲೂರುತ್ತ ಹೋದ.

ಬಯಲು ಮುಟ್ಟಿದವನು ನಿಂತ ಕಡೆ ನಿಂತ. ಕಣ್ಣು ಹಾಯಿಸಿದಷ್ಟೂ ದೂರ ಅವನದೇ ಕಾರು. ಅದೇ ಕೆಂಪು, ಅದೇ ಎರಡು ಬಾಗಿಲು, ಸೀಟಿನ ಮೇಲೆ ಅದೇ ಪ್ಲಾಸ್ಟಿಕ್. ಒಂದಕ್ಕೂ ಗೀರಿಲ್ಲ. ಪ್ರತಿ ಕಾರಿನ ಪಕ್ಕದಲ್ಲೂ ಒಬ್ಬ ಮುದುಕ, ಕೈಯಲ್ಲೊಂದು ಮೆತ್ತನೆಯ ಬಟ್ಟೆ.

ಬರಿಗೈಯಲ್ಲಿ ಬಂದವನು ಇವನೊಬ್ಬನೇ. ಹಾಗಾಗಿ ಎಲ್ಲರ ಕಣ್ಣೂ ಇವನ ಮೇಲೆ ಬಿತ್ತು.

“ಬರ್ರಿ, ಬರ್ರಿ ಯಜಮಾನ್ರ! ಇಲ್ಲಿ ನೋಡ್ರಿ, ಒಂದು ದಿನಾ ಓಡಿಸಿಲ್ಲ!”

“ಅವಂದೇನ ನೋಡ್ತೀರಿ, ನಾ ಹೆಂಡ್ತೀನs ಹತ್ತಿಸಿಲ್ಲ!”

ಒಬ್ಬ ಕುರ್ಚಿ ತಂದ, ಒಬ್ಬ ಚಹಾ ತಂದ, ಒಬ್ಬ ಬಿಸಿಲಿಗೆ ಕೊಡೆ ಹಿಡಿದ. ಜೀವಮಾನದಲ್ಲಿ ವ್ಯಾಪಾರಿಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಚಹಾ ಕುಡಿದು, ಮೆಲ್ಲಗೆ ಕಿಸೆಯಿಂದ ಫೋಟೋ ತೆಗೆದು ತೋರಿಸಿದ.

ಕೊಡೆ ಹಿಡಿದವನು ಕೊಡೆ ಮಡಿಚಿದ. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ತಮ್ಮ ಕಾರಿನ ಬಳಿಗೆ ಹೋಗಿ ಮತ್ತೆ ಒರೆಸತೊಡಗಿದರು.

ಆಗ ಬಯಲಿನ ಆಚೆ ತುದಿಯಲ್ಲಿ ಗದ್ದಲವಾಯಿತು. ಕೆಮ್ಮುತ್ತ, ಹೊಗೆ ಬಿಡುತ್ತ, ಒಂದು ಕಾರು ತಾನೇ ಓಡಿಕೊಂಡು ಬಂತು. ಜನ ಅದನ್ನು ಮುತ್ತಿದರು. ವ್ಯಾಪಾರಿ ನುಗ್ಗಿ ಹೋಗಿ ನೋಡಿದರೆ ಅಪ್ಪನ ಕಾರು! ಓಡಿಸುತ್ತಿದ್ದವನು ಅಂದು ಕೊಂಡುಹೋದವನೇ, ಈಗ ಬೆಳ್ಳಿಗೂದಲು. ಹಿಂದಿನ ಸೀಟಿನಲ್ಲಿ ಆಡಿನ ಹಲ್ಲಿನ ಗುರುತು ಹಾಗೇ ಇತ್ತು.

“ಇದನ್ನ ಹೊಲಿಸಬೇಕಿಲ್ಲೇನ್ರಿ?” ಎಂದ ವ್ಯಾಪಾರಿ.

“ಹೊಲಿಸಿದರ ನನಗೇನ ಉಳೀತು? ಊರೂರಿಗೆ ನಾ ಹೇಳೋದು ಈ ಆಡಿನ ಕತಿನs. ಅಂದ್ಹಂಗ, ನೀವೂ ಒಂದು ಕಾರು ಇಟ್ಟೀರಂತಲ್ಲ. ಅದರ ಕತಿ ಏನು?”

ವ್ಯಾಪಾರಿ ಫೋಟೋವನ್ನು ಮತ್ತೆ ಕಿಸೆಗೆ ಸೇರಿಸಿದ.

ಊರಿಗೆ ಬಂದವನು ನೀರೂ ಕುಡಿಯದೆ ಕೊಟ್ಟಿಗೆಗೆ ಹೋದ. ಬೆಲೆ ಹಾಳಾಗಲಿ, ಟೋಲಿನ ಗೇಟಿನತನಕ ಒಂದು ಸಲ ಹೋಗಿ ಬಂದುಬಿಡುತ್ತೇನೆ ಎಂದು ಬಾಗಿಲು ತೆರೆದ. ಗಾಜು ಬೆಳಗಲಿಲ್ಲ. ಓಣಿಯ ಮೆಕ್ಯಾನಿಕ್ಕನನ್ನು ಕರೆಸಿದ. ಅವನು ಅಡಿಮೇಲು ನೋಡಿ ತಲೆಯಾಡಿಸಿದ.

“ಇಂಜಿನ್ನಿಗೆ ಏನೂ ಆಗಿಲ್ರಿ. ಈ ಗಾಜು ಎಚ್ಚರಾಗವಲ್ದು. ಇಂಥಾ ಗಾಜು ಮಾಡೋರು ಅಂಗಡಿ ಮುಚ್ಚಿ ಬಾಳ ವರ್ಷ ಆತು. ನಿಮ್ಮ ಅಪ್ಪಾರ ಕಾರಾಗಿದ್ದರ ಸುತ್ತಿಗಿಲೆ ನಾಲ್ಕು ಬಡದು ಎಬ್ಬಿಸ್ತಿದ್ದೆ.”

“ಓಡದಿದ್ದರ ಇರ್ಲಿ. ಕೂಡ್ತೀನಿ” ಎಂದ ವ್ಯಾಪಾರಿ.

ಬಲಗಾಲು ಒಳಗಿಟ್ಟ. ಅದೇ ಬಾಗಿಲು, ಅದೇ ಕಾಲು. ಮೊಣಕಾಲು ಬಾಗಲಿಲ್ಲ. ಚಿರತೆಯಂಥ ಕಾರು ಕೂತಷ್ಟು ಕೆಳಗೆ ಅವನ ಸೊಂಟ ಇಳಿಯಲೊಲ್ಲದು. ಓಣಿಯ ನಾಲ್ಕು ಜನ ಬಂದು, ಮೂಟೆ ಇಳಿಸಿದಂತೆ ಎತ್ತಿ ಒಳಗಿಳಿಸಿದರು. ಅಷ್ಟು ವರ್ಷ ಕಾಪಾಡಿದ ಪ್ಲಾಸ್ಟಿಕ್ ಹಪ್ಪಳದಂತೆ ಪುಡಿಯಾಯಿತು.

“ನೂಕ್ರಿ” ಎಂದ. “ಹಣ್ಣಾದರೂ ಒಡೀಲಿ. ಪೂಜಾ ಮುಗೀಲಿ.”

ನೂಕಿದರು. ಗಾಲಿಗಳು ನಿಂತಲ್ಲೇ ನಿಂತು ಒಂದು ಬದಿ ಚಪ್ಪಟೆಯಾಗಿದ್ದವು, ರಬ್ಬರು ನೆಲಕ್ಕೆ ಅಂಟಿತ್ತು. ಏದುಸಿರು ಬಿಟ್ಟು ನೂಕಿದ ಮೇಲೆ ಕಾರು ಒಂದು ಮೊಳ ಸರಿದು, ಕುಂಟಿ, ನಿಂತಿತು.

“ಒಡದ್ವೇನು?”

ಒಬ್ಬ ಬಗ್ಗಿ ನೋಡಿದ. “ಇಲ್ರಿ ಯಜಮಾನ್ರ. ಒಣಗಿ ಕಲ್ಲಾಗ್ಯಾವ. ಗಾಲಿ ತಾಗಿದ ಕೂಡ್ಲೆ ಉಳ್ಳಿ ಆಚೀಗೆ ಹೋದ್ವು.”

ಇಳಿಯಿರಿ ಎಂದು ಅವರು ಕೈ ಚಾಚಿದರು. ವ್ಯಾಪಾರಿ ಸ್ಟೇರಿಂಗು ಬಿಡಲಿಲ್ಲ. ಎದುರಿಗೆ ಕೊಟ್ಟಿಗೆಯ ಗೋಡೆ, ಪಕ್ಕದಲ್ಲಿ ಸುಕ್ಕಾಗದ ಸೀಟು. ಕೈ ಚಾಚಿದವರು ನೋಡುವಷ್ಟು ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು, ಬಾಗಿಲ ಹೊರಗೆ ಹೋಗಿ ಕುಳಿತರು.

ಅಜ್ಜನವರು ಕತೆ ನಿಲ್ಲಿಸಿದರು.

ಅಡಿವೆಪ್ಪ ಬೆರಳಿನಿಂದ ನೆಲದ ಮೇಲೆ ಲೆಕ್ಕ ಹಾಕತೊಡಗಿದ. ಎಷ್ಟಾದರೂ ಅಂಗಡಿಯವನು. “ಕಡೀಕ ಆ ಕಾರಿಗೆ ಎಷ್ಟು ಬಂತ್ರಿ ಅಜ್ಜಾರ?” ಎಂದ.

“ಗುಜರಿಯಾಂವ ತೂಕ ಹಾಕಿ ಒಯ್ದ.”

ಅಡಿವೆಪ್ಪ ತಲೆ ಎತ್ತಿದ. ಅವನ ಮುಖದಲ್ಲಿ ಮತ್ತೆ ಕಳೆ ಬಂದಿತ್ತು. “ಅಂವ ಮುದುಕ ಆಗೋತನಾ ಕಾದದ್ದs ತಪ್ಪಾತು ನೋಡ್ರಿ. ನಂದು ಹಂಗಲ್ಲ. ನನಗಿನ್ನೂ ವಯಸ್ಸೈತಿ. ಒಂದು ಹತ್ತು ವರ್ಷ ಇಟ್ಟು, ಬೆಲಿ ಬರದಿದ್ದರ ನಾನs ಓಡಿಸ್ತೀನಿ.”

ಅಜ್ಜನವರು ಕೇಳಿದರು: “ಮತ್ತ, ಈಗ ಮೆಟ್ಟಲಾ ಹತ್ತಿ ಬಂದಾಗ ಗೋಡಿ ಯಾಕ ಹಿಡದಿದ್ದಿ?”