ಮುರಿದ ತೊಟ್ಟಿಲು ನೋಡಿಬಂದ ಶೇಷು

೧೯೭೮ನೆಯ ಇಸವಿ, ಡಿಸೆಂಬರ್ ೩, ಭಾನುವಾರ. ನನ್ನ ಹಳೆಯ ಡೈರಿಯ ಆ ಪುಟದಲ್ಲಿ 'ವನಜಾಳ ತಾಂಬೂಲ, ಮಧ್ಯಾಹ್ನ ಮೂರೂವರೆ' ಎಂದು ಬರೆದು, ಅದರ ಮೇಲೆ ಗೀಟು ಎಳೆದಿದ್ದೇನೆ. ಆ ಗೀಟು ಯಾಕೆ ಬಿತ್ತು ಅನ್ನೋದೇ ಕತೆ.

ನಮ್ಮ ಹಿಂದಿನ ಬೀದಿಯಲ್ಲಿ ಅಂಬುಜಮ್ಮ ಅಂತ ಒಬ್ಬರು. ಗಂಡ ತೀರಿಕೊಂಡಿದ್ದರು. ಮಗಳು ವನಜಾ ಚಿನ್ನದಂಥ ಹುಡುಗಿ. ಮಗ ಶೇಷು ಮಾತ್ರ, ಇಪ್ಪತ್ತೈದು ತುಂಬಿದರೂ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. 'ಬಟ್ಟೆ ಒಣಗೋ ತನಕ ಹಿತ್ತಿಲಲ್ಲೇ ಇರೋ' ಅಂದರೆ, ಮಳೆ ಬಂದು ಬಟ್ಟೆಯೂ ಒದ್ದೆ, ಅವನೂ ಒದ್ದೆ, ಆದರೂ ಅಲ್ಲೇ! ಅವನನ್ನು ನೋಡಿಯೇ ವನಜಾಳಿಗೆ ಬಂದ ಎರಡು ಸಂಬಂಧ ತಪ್ಪಿಹೋಗಿದ್ದವು.

ಮೂರನೆಯದು ಟೆಂಟ್ ಸಿನಿಮಾದ ಯಜಮಾನರಾದ ಪಟ್ಟಾಭಿರಾಮಯ್ಯನವರ ಮನೆಯದು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಧನುರ್ಮಾಸ ಬರುವುದರೊಳಗೆ ತಾಂಬೂಲ ಬದಲಾಯಿಸಿಬಿಟ್ಟರೆ ಸಾಕು. ಅಲ್ಲಿಯವರೆಗೂ ಅಂಬುಜಮ್ಮನಿಗೆ ಎದೆ ಡವಡವ.

ಆಗಲೇ ಟೆಂಟಿಗೆ 'ಮುರಿದ ತೊಟ್ಟಿಲು' ಅಂತ ಒಂದು ಸಿನಿಮಾ ಬಂತು. ತಾಯಿ ಸಾಯುತ್ತಾಳೆ, ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಮಗು ಜ್ವರದಲ್ಲಿ ಹೋಗುತ್ತದೆ. ಊರು ಎರಡು ಪಂಗಡವಾಯಿತು. "ಸೆರಗೆಲ್ಲ ಒದ್ದೆಯಾಯ್ತು, ಸಿನಿಮಾ ಅಂದ್ರೆ ಇದು!" ಅಂತ ಅರ್ಧ ಊರು. "ದುಡ್ಡು ಕೊಟ್ಟು ಸಾವಿನ ಮನೆಗೆ ಹೋಗಿಬಂದ ಹಾಗಾಯ್ತು!" ಅಂತ ಇನ್ನರ್ಧ. ಪಟ್ಟಾಭಿರಾಮಯ್ಯನವರು ಬೀಗರಾಗುವವರಿಗೆ ಪಾಸು ಕಳಿಸಿದರು.

"ಲೋ ಶೇಷು, ಅದು ಅಳೋ ಸಿನಿಮಾ. ಬೀಗರು ನೋಡ್ತಿರ್ತಾರೆ. ಚೆನ್ನಾಗಿ ಅಳಬೇಕು!"

"ಆಗಲಮ್ಮಾ."

ದೀಪ ಆರಿತು. ಹಲ್ಲುಪುಡಿ ಜಾಹೀರಾತು ಬಂತು. ಶೇಷು ಹೋ ಎಂದು ಅತ್ತ. ಗೋಧಿ ಬೆಳೆಯ ವಾರ್ತಾಚಿತ್ರ ಬಂತು. ಎದೆ ಬಡಿದುಕೊಂಡು ಅತ್ತ. ಸಿನಿಮಾ ಶುರುವಾಗುವ ಹೊತ್ತಿಗೆ ಸುಸ್ತಾಗಿ ನಿದ್ದೆಹೋದ. ತೆರೆಯ ಮೇಲೆ ತಾಯಿ ಕಣ್ಣು ಮುಚ್ಚುವಾಗ ಅವನ ಗೊರಕೆ ಹೆಂಗಸರ ಕಡೆಗೂ ಕೇಳಿಸಿತು.

"ಅಯ್ಯೋ ನನ್ನ ಹಣೆಬರಹವೇ! ಹಲ್ಲುಪುಡಿಗೆ ಅಳ್ತಾರೇನೋ?"

"ನೀನೇ ಹೇಳಿದ್ದಲ್ಲಮ್ಮಾ!"

"ಪಕ್ಕದಲ್ಲಿ ಕೂತೋರನ್ನ ನೋಡೋ ಪೆದ್ದೇ! ಅವರು ಅತ್ತರೆ ಅಳು, ಅವರು ನಕ್ಕರೆ ನಗು. ಅಷ್ಟೇ!"

"ಆಗಲಮ್ಮಾ."

ಒಳ್ಳೆಯ ಮನುಷ್ಯರು ಪಟ್ಟಾಭಿರಾಮಯ್ಯ. "ಪಾಪ, ಹುಡುಗನಿಗೆ ನಿದ್ದೆ ಬಂದಿತ್ತೇನೋ" ಅಂತ ಮತ್ತೆ ಪಾಸು ಕಳಿಸಿದರು. ಈ ಸಲ ಶೇಷುವಿನ ಎಡಕ್ಕೆ ಕೂತ ಪಟೇಲರು ಸಿನಿಮಾ ಮೆಚ್ಚಿ ಅಳುವವರು. ಬಲಕ್ಕೆ ಕೂತ ಡ್ರಿಲ್ ಮೇಷ್ಟ್ರು ಆಡಿಕೊಂಡು ನಗುವವರು. ಶೇಷು ಎಡಕ್ಕೆ ತಿರುಗಿ ಗೊಳೋ ಅಂದ, ಬಲಕ್ಕೆ ತಿರುಗಿ ಕಿಸಕ್ ಅಂದ. ಗೊಳೋ, ಕಿಸಕ್! ಗೊಳೋ, ಕಿಸಕ್! ಟೆಂಟಿನ ಜನ ತೆರೆ ಬಿಟ್ಟು ಅವನನ್ನೇ ನೋಡಿತು.

ಮಾರನೆಯ ಬೆಳಿಗ್ಗೆ ಬೀಗರ ಕಡೆಯಿಂದ ಮೆಲ್ಲಗೆ ಒಂದು ಪ್ರಶ್ನೆ ಬಂತು. "ನಿಮ್ಮ ಮನೆತನದಲ್ಲಿ ಹುಚ್ಚು ಗಿಚ್ಚು ಏನಾದ್ರೂ ಇದೆಯೇ ಅಂಬುಜಮ್ಮ?"

ಅಂಬುಜಮ್ಮ ಕೈಲಿದ್ದ ಲೋಟ ಕೆಳಗಿಟ್ಟರು. "ಇಲ್ಲ ಇಲ್ಲ, ಅವನದು ಮೃದು ಮನಸ್ಸು ಅಷ್ಟೇ" ಅಂದು ಹೇಗೋ ಸಾಗಹಾಕಿದರು. ಬಾಗಿಲು ಹಾಕಿ ಬಂದು ಮಗನ ಕಡೆ ತಿರುಗಿದರು.

"ಅಯ್ಯೋ ನನ್ನ ಹಣೆಬರಹವೇ! ಇನ್ನು ಅಳಲೂ ಬೇಡ, ನಗಲೂ ಬೇಡ. ಯಾರು ಏನೇ ಅಂದ್ರೂ 'ಹೌದು' ಅಂದುಬಿಡು. ಯಾರಿಗೂ ಬೇಜಾರಾಗಲ್ಲ."

"ಆಗಲಮ್ಮಾ."

ಶೇಷು ಕಾಫಿ ಹೋಟೆಲಿಗೆ ಹೋದ. "ಸಿನಿಮಾ ಸೊಗಸಾಗಿದೆ ಅಲ್ವೇನೋ?" ಅಂದರು ಪಟೇಲರು. "ಹೌದು." "ಗೋಳು ಕಣೋ, ಬರೀ ಗೋಳು!" ಅಂದರು ಮೇಷ್ಟ್ರು. "ಹೌದು." ಅಷ್ಟರಲ್ಲಿ ಪಟ್ಟಾಭಿರಾಮಯ್ಯನವರೇ ಒಳಗೆ ಬಂದರು.

"ಏನಪ್ಪಾ, ನಾನು ಕೆಟ್ಟ ಸಿನಿಮಾ ತಂದೆ ಅಂತಾರಂತೆ?"

"ಹೌದು."

"ಹಾಗಾದ್ರೆ ನಂಗೆ ತಲೆಯಿಲ್ಲ ಅನ್ನು!"

"ಹೌದು."

ಸಂಜೆ ಅವರೇ ಅಂಬುಜಮ್ಮನ ಜಗಲಿಗೆ ಬಂದು ನಿಂತರು. "ನೋಡೀಮ್ಮಾ, ಹುಡುಗಿ ನಮಗೆ ಮೆಚ್ಚುಗೆ. ಭಾನುವಾರ ಮೂರೂವರೆಗೆ ಬರ್ತೀವಿ. ನಿಮ್ಮ ಮನೆಯೊಳಗೆ ಆ ಸಿನಿಮಾ ಮಾತು ಮಾತ್ರ ಬರಕೂಡದು. ಇದೇ ಕೊನೆ."

ಇದೇ ಕೊನೆ! ಅಂಬುಜಮ್ಮ ಎರಡು ದಿನ ಸರಿಯಾಗಿ ಅನ್ನ ಮುಟ್ಟಲಿಲ್ಲ. ಭಾನುವಾರ ಬೆಳಗಾದರೆ ಏನಾಗಬೇಕು? ಪಟೇಲರು ಬಂದರು: "ಶೇಷು ನಮ್ಮ ಕಡೆ ತಾನೇ?" ಹಿಂದೆಯೇ ಮೇಷ್ಟ್ರು ಬಂದರು: "ಶೇಷು ಹೌದು ಅಂದದ್ದು ನಂಗೆ!" ಇಬ್ಬರನ್ನೂ ಕೈಮುಗಿದು ಸಾಗಹಾಕುವಷ್ಟರಲ್ಲಿ ಅಂಬುಜಮ್ಮ ಬೆವೆತುಹೋದರು.

"ಶೇಷು, ಬಾಗಿಲಲ್ಲಿ ನಿಂತ್ಕೋ. ಆ ಸಿನಿಮಾ ಮಾತು ಎತ್ತೋರು ಯಾರೇ ಆಗಲಿ, ಅಗುಳಿ ಹಾಕ್ಬಿಡು. ಯಾರೇ ಆಗಲಿ! ತಿಳೀತಾ?"

"ಆಗಲಮ್ಮಾ."

ಮೂರೂಕಾಲು. ಅಂಬುಜಮ್ಮ ಹಿಂದಿನ ಅಡಿಗೆಮನೆಯಲ್ಲಿ ಅಂಬೊಡೆ ಕರಿಯುತ್ತಿದ್ದರು. ವನಜಾ ಕೋಣೆಯಲ್ಲಿ ಜಡೆ ಹಾಕಿಕೊಳ್ಳುತ್ತಿದ್ದಳು. ಹಣ್ಣು, ಹೂವು, ಸೀರೆಯ ತಟ್ಟೆ ಹಿಡಿದು ಬೀಗರು ಬೀದಿಯಲ್ಲಿ ಬಂದರು. ಮುಂದೆ ಪಟ್ಟಾಭಿರಾಮಯ್ಯ ಮತ್ತು ಪುರೋಹಿತರು. ಹಿಂದೆ ಪಟ್ಟಾಭಿರಾಮಯ್ಯನವರ ಹೆಂಡತಿ, ಅಣ್ಣ.

"ತಾಯಿ ಸಾಯೋ ಜಾಗ ನೋಡಿದ್ಮೇಲೆ ನಂಗೆ ಊಟ ಸೇರಲಿಲ್ಲ ಭಾವ" ಅಂದರು ಹೆಂಡತಿ.

"ನಂಗೂ ಸೇರಲಿಲ್ಲಮ್ಮಾ. ಅಷ್ಟು ಬೇಜಾರು ಹಿಡಿಸಿತು!" ಅಂದರು ಅಣ್ಣ.

ಧಡ್! ಅಗುಳಿ ಬಿತ್ತು.

"ಏ ಶೇಷು, ನಾವಪ್ಪಾ! ಬಾಗಿಲು ತೆಗಿ!"

"ಸಿನಿಮಾ ಮಾತಾಡಿದ್ರಾ?"

"ಏನೋ, ದಾರೀಲಿ ಬರ್ತಾ..."

"ಹಾಗಾದ್ರೆ ತೆಗೆಯಲ್ಲ!"

ಬಾಗಿಲು ಬಡಿದದ್ದು ಅಡಿಗೆಮನೆಗೆ ಕೇಳಿಸಿತು. "ಯಾರೋ ಅದು?" ಅಂತ ಅಂಬುಜಮ್ಮ ಕೂಗಿದರು.

"ಸಿನಿಮಾ ಮಾತಾಡೋರಮ್ಮಾ!"

"ಒಳಗೆ ಬಿಟ್ಟೀಯಾ, ಜೋಕೆ! ಬೀಗರು ಬರೋ ಹೊತ್ತು! ಮಾನಗೆಟ್ಟೋರು, ಕೋಲು ತಗೊಂಡು ಓಡಿಸು!"

ಬೀದಿಗೆಲ್ಲ ಕೇಳಿಸಿತು. ಶೇಷು ಕೋಲು ತಗೊಂಡ.

ನಾಲ್ಕೂಕಾಲಿಗೆ ಅಂಬುಜಮ್ಮ ಕೈ ಒರೆಸಿಕೊಂಡು ನಡುಮನೆಗೆ ಬಂದರು. "ನಾಲ್ಕೂವರೆಗೆ ರಾಹುಕಾಲ! ಬೀಗರು ಇನ್ನೂ ಯಾಕೋ ಬರಲಿಲ್ಲ?"

"ಬಂದಿದ್ರಲ್ಲಮ್ಮಾ! ನೀನು ಓಡಿಸು ಅಂದೆ, ನಾನು ಕೆರೆ ಏರಿ ದಾಟೋ ತನಕ ಓಡಿಸಿ ಬಂದೆ. ಪುರೋಹಿತರು ಮಾತ್ರ ಬಹಳ ಚೆನ್ನಾಗಿ ಓಡ್ತಾರೆ!"

ಮಾರನೆಯ ದಿನ ಅಂಬುಜಮ್ಮ ಹೋಗಿ ಕೈಮುಗಿದರು. "ಬೇಡಿ ತಾಯಿ" ಅಂದರು ಪಟ್ಟಾಭಿರಾಮಯ್ಯ. ಅವರ ಹುಡುಗ ಮಾಘಮಾಸದಲ್ಲಿ ಬೇರೆ ಊರಿನ ಹುಡುಗಿಯನ್ನು ಮದುವೆಯಾದ. ವನಜಾಳ ಮದುವೆ ಆದದ್ದು ೧೯೮೨ರ ಮೇ ತಿಂಗಳಲ್ಲಿ, ಹೆಂಡತಿ ತೀರಿಕೊಂಡಿದ್ದ ಒಬ್ಬ ಗುಮಾಸ್ತರ ಜೊತೆ. ಹೋದದ್ದು ಇಷ್ಟು: ಮೆಚ್ಚಿದ ಹುಡುಗ ಒಬ್ಬ, ವನಜಾಳ ವಯಸ್ಸಿನಲ್ಲಿ ಮೂರೂವರೆ ವರ್ಷ.