ಹಂತ ಬಿಡದ ಟೀ

ನಮ್ಮ ಕಾಲೇಜಿನ ವಾದಿರಾಜ ಮೇಷ್ಟ್ರು ಕ್ಯಾಲ್ಕುಲಸ್ ಲೆಕ್ಕದಲ್ಲಿ ಒಂದು ಹಂತ ಬಿಟ್ಟರೂ ಸೊನ್ನೆ ಕೊಡುತ್ತಿದ್ದರು. ಉತ್ತರ ಸರಿಯಿದ್ದರೂ ಸೊನ್ನೆಯೇ. ನಿವೃತ್ತಿಯ ದಿನ ಅಟೆಂಡರನ್ನು ಕರೆದು, "ಬೇಗ ಒಂದು ಟೀ ತಾರಯ್ಯ" ಎಂದು ಗದರಿದರು.

ಅವನು ಮೊದಲು ಬಿಸಿನೀರು ತಂದಿಟ್ಟ. ಆಮೇಲೆ ಟೀಪುಡಿ. ಆಮೇಲೆ ಸಕ್ಕರೆ. ಹಾಲಿಗೆ ಹೊರಟಾಗ ಮೇಷ್ಟ್ರು ಸಿಡಿದರು. "ಏನಯ್ಯಾ ಇದೆಲ್ಲ? ನಾನು ಕೇಳಿದ್ದು ಟೀ!"

"ಹಂತ ಬಿಟ್ಟರೆ ನಿಮಗೆ ಆಗಲ್ವಲ್ಲ ಸಾರ್. ನನ್ನ ಮಗಳು ಬಿಟ್ಟಿದ್ದಕ್ಕೆ ಸೊನ್ನೆ ಕೊಟ್ರಿ. ಉತ್ತರ ಸರಿಯಿತ್ತು. ಅವತ್ತೇ ಓದು ಬಿಟ್ಟಳು."

ಮೇಷ್ಟ್ರ ದನಿ ಇಳಿಯಿತು. "ಈಗೇನು ಮಾಡ್ತಾಳೆ?"

"ರವಿಕೆ ಹೊಲೀತಾಳೆ ಸಾರ್. ಅಳತೆ ಬರೆದುಕೊಳ್ಳೋದೇ ಇಲ್ಲ. ಇವತ್ತಿನವರೆಗೆ ಒಂದು ರವಿಕೆಯೂ ವಾಪಸ್ ಬಂದಿಲ್ಲ."

ಮೇಷ್ಟ್ರ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ತಿದ್ದಲು ಎದುರಿಗೆ ಉತ್ತರಪತ್ರಿಕೆ ಇರಲಿಲ್ಲ. ತಣ್ಣಗಾದ ನೀರಿತ್ತು.